ಪ್ರೊಟೀನ್ ಡೇಟಾ ಬ್ಯಾಂಕ್: ಕೊಬ್ಬಿನಾಮ್ಲ ಕಟ್ಟುವ ಕಿಣ್ವಗಳನ್ನು ನೋಡಬಯಸುವವರಿಗೆ ಒಂದು ವಿಮರ್ಶೆ

ಪ್ರಾಣಿಕೋಶದೊಳಗೆ ಕೊಬ್ಬಿನಾಮ್ಲ ಹೇಗೆ ತಯಾರಾಗುತ್ತದೆ ಎಂಬ ಅಧ್ಯಾಯವನ್ನು ನಮ್ಮ ಪದವಿ ತರಗತಿಗಳಲ್ಲಿ ಬಾಣದ ಗುರುತುಗಳ ಮೂಲಕವೇ ಕಲಿಸುತ್ತೇವೆ. ಅಸಿಟೈಲ್ ಕೋಎ (ಕೋಎನ್‌ಜೈಮ್ ಎ), ಅಲ್ಲಿಂದ ಮೆಲೋನೈಲ್ ಕೋಎ, ಅಲ್ಲಿಂದ ಏಳು ಸುತ್ತು, ಕೊನೆಗೆ ಪಾಮಿಟಿಕ್ ಆಮ್ಲ. ಬಾಣದ ಮೇಲೆ ಬರೆದಿರುವ ಕಿಣ್ವದ ಹೆಸರನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆದರೆ ಆ ಕಿಣ್ವಕ್ಕೆ ಒಂದು ಆಕಾರವಿದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಇಷ್ಟು ದೂರವಿದೆ, ಅದರೊಳಗೆ ಒಂದು ಭಾಗ ಚಲಿಸದಿದ್ದರೆ ಕೆಲಸವೇ ನಡೆಯುವುದಿಲ್ಲ ಎಂಬುದು ಬಾಣದಿಂದ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಇಂದು ಲಭ್ಯವಿರುವ ಸೇವೆಗಳಲ್ಲಿ ಪ್ರೊಟೀನುಗಳ ಮೂರು ಆಯಾಮದ ರಚನೆಗಳನ್ನು ಸಂಗ್ರಹಿಸಿಟ್ಟಿರುವ ಜಾಲತಾಣವಾದ ಪ್ರೊಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿ, ಅತ್ಯುತ್ತಮವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದೇ ಒಂದು ಅಧ್ಯಾಯವನ್ನು ಇಟ್ಟುಕೊಂಡು ಆ ಸೇವೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಓದುಗನೇ ಎಚ್ಚರದಿಂದಿರಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಿಡಿಬಿ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕೇವಲ 7 ಪ್ರೊಟೀನ್ ರಚನೆಗಳೊಂದಿಗೆ ಆರಂಭವಾಯಿತು. ಇಂದು ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅಮೆರಿಕದ ಆರ್‌ಸಿಎಸ್‌ಬಿ, ಯುರೋಪಿನ ಪಿಡಿಬಿಇ, ಜಪಾನಿನ ಪಿಡಿಬಿಜೆ ಒಂದೇ ದತ್ತಾಂಶವನ್ನು ತಮ್ಮ ತಮ್ಮ ಜಾಲತಾಣಗಳ ಮೂಲಕ ಕೊಡುತ್ತವೆ. ನಾನು ಹೆಚ್ಚಾಗಿ ಬಳಸುವುದು ಆರ್‌ಸಿಎಸ್‌ಬಿಯನ್ನು. ಶುಲ್ಕವಿಲ್ಲ, ನೋಂದಣಿ ಬೇಡ, ದತ್ತಾಂಶದ ಮೇಲೆ ಹಕ್ಕುಸ್ವಾಮ್ಯದ ನಿರ್ಬಂಧವೂ ಇಲ್ಲ. ದೊಡ್ಡ ವಿಶ್ವವಿದ್ಯಾಲಯದ ಸಂಶೋಧಕನಿಗೂ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿಗೂ ಸಿಗುವುದು ಅದೇ ಕಡತ, ಅದೇ ಚಿತ್ರ. ವಿಜ್ಞಾನದ ಮೂಲ ಸಾಮಗ್ರಿ ಇಷ್ಟು ಸಮಾನವಾಗಿ ಹಂಚಿಕೆಯಾಗುವುದನ್ನು ನಾನು ಬೇರೆ ಕಡೆ ಅಪರೂಪವಾಗಿ ಕಂಡಿದ್ದೇನೆ.

ಮೊದಲು ನೋಡಬೇಕಾದದ್ದು ಫ್ಯಾಟಿ ಆಸಿಡ್ ಸಿಂಥೇಸ್, ಅಂದರೆ ಆ ಏಳು ಸುತ್ತಿನ ಕೆಲಸವನ್ನು ಮಾಡಿ ಕೊಬ್ಬಿನಾಮ್ಲವನ್ನು ಕಟ್ಟುವ ಕಿಣ್ವ. ಹುಡುಕುವ ಪೆಟ್ಟಿಗೆಯಲ್ಲಿ ಈ ಹೆಸರನ್ನು ಹಾಗೆಯೇ ಕೊಟ್ಟರೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಪ್ರಾಣಿ ಎಲ್ಲವೂ ಬೆರೆತ ಉದ್ದನೆಯ ಪಟ್ಟಿ ಎದುರಾಗುತ್ತದೆ, ಮತ್ತು ಹೊಸಬರು ದಾರಿ ತಪ್ಪುವುದು ಇಲ್ಲಿಯೇ. ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸಕ್ಕೆ ಬೇರೆ ಬೇರೆ ಚಿಕ್ಕ ಕಿಣ್ವಗಳಿವೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ಔಷಧ ತಡೆಯುವುದು ಅಂಥ ಒಂದು ಬಿಡಿ ಕಿಣ್ವವನ್ನು. ಯೀಸ್ಟ್‌ನಲ್ಲಿ ಎರಡು ಬಗೆಯ ಸರಪಳಿಗಳು ಆರಾರು ಸೇರಿ ಒಂದು ದೊಡ್ಡ ಪೀಪಾಯಿಯ ಆಕಾರವಾಗುತ್ತದೆ. ಪ್ರಾಣಿಗಳಲ್ಲಿ ಮಾತ್ರ ಎಲ್ಲ ಕೆಲಸಗಳೂ ಸುಮಾರು 2,500 ಅಮೈನೋ ಆಮ್ಲಗಳ ಒಂದೇ ಸರಪಳಿಯಲ್ಲಿ ಪೋಣಿಸಿಕೊಂಡಿವೆ, ಮತ್ತು ಅಂಥ ಎರಡು ಸರಪಳಿಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಹುಡುಕಾಟದ ಪುಟದ ಬದಿಯಲ್ಲಿ ಜೀವಿಯ ಹೆಸರನ್ನು ಆರಿಸಿಕೊಳ್ಳುವ ಅವಕಾಶವಿದೆ. ಅದನ್ನು ಬಳಸದೆ ಮುಂದೆ ಹೋಗಬಾರದು.

ನಾನು ವಿದ್ಯಾರ್ಥಿಗಳಿಗೆ ತೆರೆಯಲು ಹೇಳುವುದು 2ವಿಝಡ್8 ಎಂಬ ಗುರುತಿನ ಪುಟವನ್ನು. ಇದು ಹಂದಿಯ ಫ್ಯಾಟಿ ಆಸಿಡ್ ಸಿಂಥೇಸ್. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಟಿಮ್ ಮೈಯರ್, ಮಾರ್ಕ್ ಲೈಬುಂಡ್‌ಗುಟ್ ಮತ್ತು ನೆನಾದ್ ಬಾನ್ ಇದನ್ನು ಹರಳುಗಟ್ಟಿಸಿ, ಎಕ್ಸ್-ಕಿರಣಗಳ ನೆರವಿನಿಂದ 3.2 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಸ್ಪಷ್ಟತೆಯಲ್ಲಿ ಬಿಡಿಸಿ 2008ರಲ್ಲಿ ಪ್ರಕಟಿಸಿದರು. ಪುಟದಲ್ಲಿ ಮೂರು ಆಯಾಮಗಳ ನೋಟವನ್ನು ಆರಿಸಿದರೆ ಮೋಲ್‌ಸ್ಟಾರ್ ಎಂಬ ವೀಕ್ಷಕ ತೆರೆದುಕೊಳ್ಳುತ್ತದೆ. ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಾಗಿಲ್ಲ. ಮೌಸ್ ಹಿಡಿದು ಎಳೆದರೆ ಅಣು ತಿರುಗುತ್ತದೆ, ಯಾವುದೇ ಅಮೈನೋ ಆಮ್ಲದ ಮೇಲೆ ಒತ್ತಿದರೆ ಅದರ ನೆರೆಹೊರೆಯಷ್ಟೇ ಹತ್ತಿರಕ್ಕೆ ಬರುತ್ತದೆ.

ಮೊದಲ ನೋಟಕ್ಕೆ ಕಾಣುವುದು ಇಂಗ್ಲಿಷಿನ ಎಕ್ಸ್ ಅಕ್ಷರದಂಥ ಆಕಾರ. ಎರಡು ಸರಪಳಿಗಳು ನಡುವಿನಲ್ಲಿ ಒಂದನ್ನೊಂದು ತಬ್ಬಿಕೊಂಡಿವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಓದಿದವರಿಗೆ ಇದು ಆಶ್ಚರ್ಯ ತರುತ್ತದೆ, ಏಕೆಂದರೆ ಅಲ್ಲಿ ಎರಡು ಸರಪಳಿಗಳು ಒಂದರ ತಲೆಗೆ ಇನ್ನೊಂದರ ಬಾಲ ಬರುವಂತೆ ಎದುರುಬದುರಾಗಿ ಮಲಗಿರುವ ಚಿತ್ರವಿರುತ್ತಿತ್ತು. ಆ ಕಲ್ಪನೆ ಸರಿಯಲ್ಲ ಎಂದು ಸ್ಟುವರ್ಟ್ ಸ್ಮಿತ್ ಅವರ ಗುಂಪು ಕೆಲವು ಘಟಕಗಳನ್ನು ಕೆಡಿಸಿ ನಡೆಸಿದ ಪ್ರಯೋಗಗಳಿಂದ ಮೊದಲೇ ತೋರಿಸಿತ್ತು. ಹಂದಿಯ ಕಿಣ್ವದ ರಚನೆ ಅದನ್ನು ಕಣ್ಣಿಗೆ ಕಾಣುವಂತೆ ಸ್ಥಿರಪಡಿಸಿತು. ಪಠ್ಯಪುಸ್ತಕದ ಆ ಹಳೆಯ ಚಿತ್ರವನ್ನೂ ಈ ಪುಟವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ತರಗತಿಯಲ್ಲಿ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಈ ಎಕ್ಸ್‌ನ ಕೆಳಭಾಗದ ನಡುವೆ ಇರುವುದು ಕೀಟೋಸಿಂಥೇಸ್, ಅಂದರೆ ಇಂಗಾಲದ ಸರಪಳಿಗೆ ಹೊಸ ತುಂಡನ್ನು ಬೆಸೆಯುವ ಘಟಕ. ಅದರ ಎರಡೂ ಬದಿಗೆ ಕಾಲುಗಳಂತೆ ಚಾಚಿಕೊಂಡಿರುವುದು ಹೊರಗಿನಿಂದ ಸಾಮಗ್ರಿಯನ್ನು ಒಳಗೆ ತಂದುಕೊಡುವ ಮೆಲೋನೈಲ್-ಅಸಿಟೈಲ್ ಟ್ರಾನ್ಸ್‌ಫರೇಸ್. ಸೊಂಟದಂಥ ಕಿರಿದಾದ ಭಾಗವನ್ನು ದಾಟಿ ಮೇಲೆ ಹೋದರೆ ಮೂರು ಘಟಕಗಳು ಸಿಗುತ್ತವೆ: ಕೀಟೋ ಗುಂಪನ್ನು ಅಪಕರ್ಷಿಸುವ ಕೀಟೋರಿಡಕ್ಟೇಸ್, ನೀರನ್ನು ತೆಗೆದುಹಾಕುವ ಡೀಹೈಡ್ರೇಟೇಸ್, ಉಳಿದ ಜೋಡಿಬಂಧವನ್ನು ತುಂಬುವ ಈನಾಯ್ಲ್ ರಿಡಕ್ಟೇಸ್. ಕೆಳಗಿನ ಕಾಲು, ಮೇಲಿನ ತೋಳುಗಳ ನಡುವೆ ಎಡಕ್ಕೊಂದು ಬಲಕ್ಕೊಂದು ಖಾಲಿ ಜಾಗವಿದೆ. ಕೊಬ್ಬಿನಾಮ್ಲ ಕಟ್ಟುವ ಕೆಲಸವೆಲ್ಲ ಆ ಎರಡು ಅಂಗಳಗಳಲ್ಲಿ ನಡೆಯುತ್ತದೆ.

ನಡೆಯುವ ಕೆಲಸವನ್ನು ಕ್ರಮವಾಗಿ ನೆನೆದುಕೊಂಡು ಚಿತ್ರವನ್ನು ನೋಡಬೇಕು. ಎರಡು ಇಂಗಾಲಗಳ ಅಸಿಟೈಲ್ ತುಣುಕು ಕೀಟೋಸಿಂಥೇಸ್‌ನ ಸಿಸ್ಟೀನ್ ಮೇಲೆ ಕೂರುತ್ತದೆ. ಮೆಲೋನೈಲ್ ತುಣುಕನ್ನು ಹೊತ್ತ ವಾಹಕ ಘಟಕ, ಅಂದರೆ ಅಸೈಲ್ ಕ್ಯಾರಿಯರ್ ಪ್ರೊಟೀನ್, ಅದರ ಬಳಿಗೆ ಬರುತ್ತದೆ. ಮೆಲೋನೈಲ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುವ ರಭಸದಲ್ಲಿ ಎರಡೂ ಬೆಸೆದುಕೊಂಡು ನಾಲ್ಕು ಇಂಗಾಲಗಳ ಸರಪಳಿಯಾಗುತ್ತದೆ. ವಾಹಕ ಅದನ್ನು ಹೊತ್ತು ಮೇಲಿನ ಮೂರು ಘಟಕಗಳಿಗೆ ಒಂದಾದ ಮೇಲೊಂದರಂತೆ ಒಯ್ಯುತ್ತದೆ, ಮತ್ತೆ ಕೆಳಗಿಳಿದು ಕೀಟೋಸಿಂಥೇಸ್‌ಗೆ ಒಪ್ಪಿಸುತ್ತದೆ. ಹೀಗೆ ಏಳು ಸುತ್ತು ಮುಗಿದಾಗ 16 ಇಂಗಾಲಗಳ ಪಾಮಿಟೇಟ್ ಸಿದ್ಧ. ಒಟ್ಟು ವೆಚ್ಚ 8 ಅಸಿಟೈಲ್ ಕೋಎ, ಶಕ್ತಿ ಒದಗಿಸುವ 7 ಎಟಿಪಿ, ಅಪಕರ್ಷಣೆಗೆ ಎಲೆಕ್ಟ್ರಾನ್ ಕೊಡುವ 14 ಎನ್‌ಎಡಿಪಿಎಚ್. ಮಗ್ಗದಲ್ಲಿ ಲಾಳಿ ಓಡಾಡಿದಂತೆ ಈ ವಾಹಕ ಓಡಾಡುತ್ತದೆ. ಅದು ನಿಂತರೆ ಉಳಿದ ಘಟಕಗಳು ಇದ್ದೂ ಇಲ್ಲದಂತೆ.

ಇಷ್ಟು ತಿಳಿದ ವಿದ್ಯಾರ್ಥಿ ಸಹಜವಾಗಿಯೇ 2ವಿಝಡ್8ರ ಚಿತ್ರದಲ್ಲಿ ಆ ವಾಹಕವನ್ನು ಹುಡುಕುತ್ತಾನೆ. ಅದು ಅಲ್ಲಿ ಇಲ್ಲ. ಸಿದ್ಧವಾದ ಪಾಮಿಟೇಟನ್ನು ಕತ್ತರಿಸಿ ಬಿಡುಗಡೆ ಮಾಡುವ ಥಯೋಎಸ್ಟರೇಸ್ ಕೂಡ ಇಲ್ಲ. ಹರಳಿನಲ್ಲಿ ಎರಡೂ ಇದ್ದವು. ಆದರೆ ಅವು ಒಂದೇ ಸ್ಥಾನದಲ್ಲಿ ನಿಲ್ಲದೆ ಓಲಾಡುವುದರಿಂದ ಎಕ್ಸ್-ಕಿರಣದ ದತ್ತಾಂಶದಲ್ಲಿ ಅವುಗಳ ಗುರುತು ಮೂಡಲಿಲ್ಲ. ಇದನ್ನು ಪಿಡಿಬಿ ಮುಚ್ಚಿಡುವುದಿಲ್ಲ. ಪುಟದ ಅನುಕ್ರಮದ, ಅಂದರೆ ಅಮೈನೋ ಆಮ್ಲಗಳ ಸಾಲಿನ, ವಿಭಾಗಕ್ಕೆ ಹೋದರೆ ಪ್ರೊಟೀನಿನ ಪೂರ್ತಿ ಉದ್ದವನ್ನು ಒಂದು ಪಟ್ಟಿಯಲ್ಲಿ ತೋರಿಸಿ, ರಚನೆಯಲ್ಲಿ ಕಾಣದ ಭಾಗಗಳನ್ನು ಬೇರೊಂದು ಸಾಲಿನಲ್ಲಿ ಗುರುತಿಸಿರುತ್ತಾರೆ. ಸರಪಳಿಯ ಕೊನೆಯ ಸುಮಾರು 400 ಅಮೈನೋ ಆಮ್ಲಗಳು ಆ ಸಾಲಿನಲ್ಲಿ ಒಟ್ಟಾಗಿ ಸಿಗುತ್ತವೆ. ಆದರೆ ತಿರುಗಿಸಿ ನೋಡುವ ಬಣ್ಣದ ಚಿತ್ರದ ಪಕ್ಕದಲ್ಲಿ ಈ ಎಚ್ಚರಿಕೆ ಎದ್ದು ಕಾಣುವಂತೆ ಇಲ್ಲ. ಚಿತ್ರವನ್ನಷ್ಟೇ ನೋಡಿ ಹೊರಡುವವನು ಈ ಕಿಣ್ವದ ಅತಿ ಮುಖ್ಯ ಭಾಗ ತಾನು ಕಂಡದ್ದರಲ್ಲಿ ಸೇರಿಲ್ಲ ಎಂಬುದನ್ನು ತಿಳಿಯದೆಯೇ ಹೊರಡುತ್ತಾನೆ. ಈ ಸೇವೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ. ಹಾಗಾಗಿ ನನ್ನ ಸಲಹೆ: ಮೊದಲು ಅನುಕ್ರಮದ ವಿಭಾಗ, ಆಮೇಲೆ ಚಿತ್ರ.

ಕಾಣದ ಭಾಗದ ಬಗ್ಗೆಯೂ ಚಿತ್ರದಿಂದ ತಿಳಿಯಬಹುದಾದದ್ದು ಬಹಳವಿದೆ. ಜೊತೆಗಿರುವ 2ವಿಝಡ್9 ಎಂಬ ಪುಟದಲ್ಲಿ ಇದೇ ಕಿಣ್ವ ಎನ್‌ಎಡಿಪಿ ಸಹಿತವಾಗಿದೆ. ವೀಕ್ಷಕದ ಅಳತೆಯ ಸಾಧನವನ್ನು ಬಳಸಿ ಕೀಟೋಸಿಂಥೇಸ್‌ನ ಸಿಸ್ಟೀನ್‌ನಿಂದ ಮೇಲಿನ ಎನ್‌ಎಡಿಪಿವರೆಗೆ ದೂರವನ್ನು ಅಳೆಯಲು ವಿದ್ಯಾರ್ಥಿಗಳಿಗೆ ಹೇಳಬೇಕು. ವಾಹಕ ಘಟಕ ಸರಪಳಿಯನ್ನು ಹಿಡಿದಿರುವುದು ಪ್ಯಾಂಟೊಥೆನಿಕ್ ಆಮ್ಲವೆಂಬ ಬಿ5 ಜೀವಸತ್ವದಿಂದ ತಯಾರಾದ, ಸುಮಾರು 20 ಆಂಗ್‌ಸ್ಟ್ರಾಂ ಉದ್ದದ ಒಂದು ತೋಳಿನಿಂದ. ಅಳೆದು ಬಂದ ದೂರ ಆ ತೋಳಿನ ಉದ್ದಕ್ಕಿಂತ ಬಹಳ ಹೆಚ್ಚು. ತೋಳು ಮಾತ್ರ ಬೀಸಿದರೆ ಸಾಲದು, ವಾಹಕ ಘಟಕವೇ ಇಡಿಯಾಗಿ ಸಂಚರಿಸಬೇಕು ಎಂಬ ತೀರ್ಮಾನಕ್ಕೆ ವಿದ್ಯಾರ್ಥಿ ತಾನಾಗಿಯೇ ಬರುತ್ತಾನೆ. ಕಿಣ್ವದ ಮೇಲರ್ಧ ಮತ್ತು ಕೆಳರ್ಧ ಸೊಂಟದ ಬಳಿ ತೂಗುತ್ತವೆ, ತಿರುಗುತ್ತವೆ ಎಂಬುದನ್ನು 2009ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನ ತೋರಿಸಿತು. ಪಿಡಿಬಿಯ ಒಂದು ಪುಟ ಆ ಚಲನೆಯ ಒಂದು ಕ್ಷಣವನ್ನಷ್ಟೇ ಹಿಡಿದಿಟ್ಟಿದೆ.

ಇದೇ ಪುಟದಲ್ಲಿ ಇನ್ನೊಂದು ಕುತೂಹಲದ ಸಂಗತಿಯಿದೆ. ಮೇಲಿನ ತೋಳುಗಳ ಹೊರ ಅಂಚಿನಲ್ಲಿ ಯಾವ ಕೆಲಸವನ್ನೂ ಮಾಡದ ಒಂದು ಘಟಕ ಅಂಟಿಕೊಂಡಿದೆ. ಮೀಥೈಲ್ ಗುಂಪನ್ನು ವರ್ಗಾಯಿಸುವ ಕಿಣ್ವದ ಆಕಾರ ಅದಕ್ಕಿದೆ, ಆದರೆ ಶಕ್ತಿ ಇಲ್ಲ. ಎರಿಥ್ರೊಮೈಸಿನ್‌ನಂಥ ಪ್ರತಿಜೀವಕಗಳನ್ನು ಕಟ್ಟುವ ಸೂಕ್ಷ್ಮಜೀವಿಗಳ ಪಾಲಿಕೀಟೈಡ್ ಸಿಂಥೇಸ್‌ಗಳೊಂದಿಗೆ ನಮ್ಮ ಕಿಣ್ವಕ್ಕಿರುವ ಬಂಧುತ್ವಕ್ಕೆ ಅದು ಉಳಿದುಕೊಂಡಿರುವ ಸಾಕ್ಷಿ.

ಗುಣಮಟ್ಟವನ್ನು ಪರೀಕ್ಷಿಸಲು ಪಿಡಿಬಿ ಪ್ರತಿ ಪುಟದಲ್ಲೂ ಬಣ್ಣದ ಪಟ್ಟಿಗಳ ಒಂದು ಚಿಕ್ಕ ಕೋಷ್ಟಕವನ್ನು ಕೊಡುತ್ತದೆ. ನೀಲಿಯ ಕಡೆಗಿದ್ದರೆ ಒಳ್ಳೆಯದು, ಕೆಂಪಿನ ಕಡೆಗಿದ್ದರೆ ಅನುಮಾನ. ಆ ಸಾಲುಗಳಲ್ಲಿ ಒಂದು ರಾಮಚಂದ್ರನ್ ನಕ್ಷೆಯ ಮಿತಿ ಮೀರಿದ ಅಮೈನೋ ಆಮ್ಲಗಳ ಪ್ರಮಾಣ. ಪ್ರೊಟೀನ್ ಸರಪಳಿಯ ಕೋನಗಳು ಯಾವ ಮಿತಿಯೊಳಗೆ ಇರಬಲ್ಲವು ಎಂಬುದನ್ನು ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಂದಿಗೆ ಮದ್ರಾಸಿನಲ್ಲಿ 1963ರಲ್ಲಿ ಪ್ರಕಟಿಸಿದರು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಜಗತ್ತಿನ ಯಾವ ಮೂಲೆಯಿಂದ ಪಿಡಿಬಿಗೆ ಪ್ರೊಟೀನ್ ರಚನೆ ಬಂದರೂ ಈ ಅಳತೆಗೋಲಿನ ಮುಂದೆ ನಿಲ್ಲಲೇಬೇಕು. ನಮ್ಮ ಕಾಲೇಜುಗಳಲ್ಲಿ ಈ ಪಟ್ಟಿಯನ್ನು ದಾಟಿಕೊಂಡು ಹೋಗುವವರೇ ಹೆಚ್ಚು ಎಂಬುದು ಬೇಸರದ ಮಾತು. 3.2 ಆಂಗ್‌ಸ್ಟ್ರಾಂ ಎಂದರೆ ಸರಪಳಿಯ ಹಾದಿ ಸ್ಪಷ್ಟವಾಗಿದೆ, ಪಾರ್ಶ್ವ ಗುಂಪುಗಳ ನಿಖರ ಸ್ಥಾನ ಅಷ್ಟು ಸ್ಪಷ್ಟವಲ್ಲ ಎಂದು ಅರ್ಥ. ಇದನ್ನು ತಿಳಿಯದೆ ಒಂದೊಂದು ಪರಮಾಣುವಿನ ದೂರದ ಮೇಲೆ ವಾದ ಕಟ್ಟಬಾರದು.

ಸಿಂಥೇಸ್‌ಗಿಂತ ಮುಂಚಿನ ಹೆಜ್ಜೆಗಳ ವಿಷಯದಲ್ಲಿ ಸೇವೆ ಅಷ್ಟು ಸರಾಗವಲ್ಲ. ಮೈಟೋಕಾಂಡ್ರಿಯಾದೊಳಗಿನ ಅಸಿಟೈಲ್ ಕೋಎ ನೇರವಾಗಿ ಹೊರಗೆ ಬರಲಾರದು. ಸಿಟ್ರೇಟ್ ರೂಪದಲ್ಲಿ ಬಂದು, ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವದಿಂದ ಕೋಶದ್ರವದಲ್ಲಿ ಮತ್ತೆ ಅಸಿಟೈಲ್ ಕೋಎ ಆಗುತ್ತದೆ. ಕೊಲೆಸ್ಟರಾಲ್ ಇಳಿಸಲು ಕೊಡುವ ಬೆಂಪೆಡೋಯಿಕ್ ಆಮ್ಲ ತಡೆಯುವುದು ಈ ಕಿಣ್ವವನ್ನೇ. ಮುಂದಿನದು ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್. ಬಯೋಟಿನ್, ಬೈಕಾರ್ಬನೇಟ್, ಎಟಿಪಿ ಬಳಸಿ ಮೆಲೋನೈಲ್ ಕೋಎ ತಯಾರಿಸುವ ಇದು ಇಡೀ ದಾರಿಯ ಹತೋಟಿ ಕೀಲಿ. ಸಲೀಹ್ ವಾಕಿಲ್ ಅವರ ಗುಂಪು 1950ರ ದಶಕದಲ್ಲಿ ಕಂಡುಕೊಂಡ ವಿಚಿತ್ರ ಇಲ್ಲಿದೆ: ಬೈಕಾರ್ಬನೇಟ್ ಇಲ್ಲದೆ ಕೊಬ್ಬಿನಾಮ್ಲ ತಯಾರಾಗದು, ಆದರೆ ಬೈಕಾರ್ಬನೇಟಿನ ಇಂಗಾಲ ಸಿದ್ಧವಾದ ಕೊಬ್ಬಿನಾಮ್ಲದಲ್ಲಿ ಇರುವುದಿಲ್ಲ. ಇಲ್ಲಿ ಸೇರಿಸಿದ ಇಂಗಾಲವೇ ಕೀಟೋಸಿಂಥೇಸ್‌ನಲ್ಲಿ ಹೊರಬೀಳುತ್ತದೆ ಎಂಬುದು ಆಮೇಲೆ ಅರ್ಥವಾಯಿತು. ಸಿಟ್ರೇಟ್ ಹೆಚ್ಚಾದಾಗ ಈ ಕಾರ್ಬಾಕ್ಸಿಲೇಸ್ ಅಣುಗಳು ಸಾಲುಗಟ್ಟಿ ಎಳೆಗಳಾಗುತ್ತವೆ. ಮನುಷ್ಯನ ಕಿಣ್ವದ ಅಂಥ ಎಳೆಗಳ ರಚನೆಗಳನ್ನು ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಮೈಯರ್ ಅವರ ಗುಂಪು 2018ರಲ್ಲಿ ಪ್ರಕಟಿಸಿತು, ಅವು ಪಿಡಿಬಿಯಲ್ಲಿವೆ. ಆದರೆ ಕಡತ ದೊಡ್ಡದು, ಸ್ಪಷ್ಟತೆ ಕಡಿಮೆ. ಸಾಧಾರಣ ಮೊಬೈಲಿನಲ್ಲಿ ತಿರುಗಿಸಿ ನೋಡುವುದು ಕಷ್ಟ. ಈ ಹಂತಗಳಿಗೆ ಪಠ್ಯಪುಸ್ತಕವೇ ಮೇಲು.

ಹೊಸದಾಗಿ ಆರಂಭಿಸುವವರಿಗೆ ನಾನು ಶಿಫಾರಸು ಮಾಡುವುದು 2ಪಿಎಕ್ಸ್6. ಇದು ಮನುಷ್ಯನ ಸಿಂಥೇಸ್‌ನ ಥಯೋಎಸ್ಟರೇಸ್ ಘಟಕ ಮಾತ್ರ, ಅದಕ್ಕೆ ಅಂಟಿಕೊಂಡಿರುವ ಆರ್ಲಿಸ್ಟಾಟ್ ಸಮೇತ. ತೂಕ ಇಳಿಸಲು ಔಷಧದ ಅಂಗಡಿಗಳಲ್ಲಿ ಮಾರುವ ಆರ್ಲಿಸ್ಟಾಟ್ ಅದೇ ಇದು. ದೇಹದಲ್ಲಿ ಅದರ ಮುಖ್ಯ ಕೆಲಸ ಕರುಳಿನ ಲೈಪೇಸ್‌ಗಳನ್ನು ತಡೆಯುವುದು. ಚಿತ್ರದಲ್ಲಿ 2308ನೆಯ ಸೆರೀನ್ ಮೇಲೆ ಒತ್ತಿದರೆ ಔಷಧ ಆ ಸೆರೀನ್‌ಗೆ ಬಂಧವಾಗಿ ಬೆಸೆದುಕೊಂಡಿರುವುದು ಕಾಣುತ್ತದೆ, ಅದರ ಉದ್ದನೆಯ ಇಂಗಾಲದ ಬಾಲ ಕಿಣ್ವದ ಸಂದಿನಲ್ಲಿ ಚಾಚಿಕೊಂಡಿರುತ್ತದೆ. ಕೊಬ್ಬಿನಾಮ್ಲ ಸರಪಳಿ ಕೂರುವ ಜಾಗ ಅದೇ. ಚಿಕ್ಕ ಕಡತ, ಹಳೆಯ ಕಂಪ್ಯೂಟರಿನಲ್ಲೂ ಸಲೀಸಾಗಿ ತೆರೆಯುತ್ತದೆ. ಈ ಘಟಕ 16 ಇಂಗಾಲಗಳ ಸರಪಳಿಯನ್ನು ಮೆಚ್ಚುವುದರಿಂದಲೇ ನಮ್ಮಲ್ಲಿ ಮುಖ್ಯವಾಗಿ ಪಾಮಿಟೇಟ್ ತಯಾರಾಗುತ್ತದೆ. ಆದರೆ ಹಸು ಮೇಕೆಗಳ ಕೆಚ್ಚಲಿನಲ್ಲಿ ಚಿಕ್ಕ ಸರಪಳಿಗಳೂ ಧಾರಾಳವಾಗಿ ತಯಾರಾಗುತ್ತವೆ, ಬೆಣ್ಣೆಯ ಬ್ಯುಟಿರಿಕ್ ಆಮ್ಲಕ್ಕೆ ಇರುವುದು ನಾಲ್ಕೇ ಇಂಗಾಲ. ಹಂದಿಯ ಕಿಣ್ವದ ಒಂದು ನಿಶ್ಚಲ ಚಿತ್ರದಿಂದ ಈ ವ್ಯತ್ಯಾಸವನ್ನು ತಿಳಿಯಲು ಹೊರಟರೆ ಪ್ರಯೋಜನವಿಲ್ಲ.

ಪಾಮಿಟೇಟ್ ಆದ ಮೇಲೆ ಸರಪಳಿಯನ್ನು ಇನ್ನೂ ಉದ್ದ ಮಾಡುವ, ಅದರಲ್ಲಿ ಜೋಡಿಬಂಧ ಹಾಕುವ ಕೆಲಸ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯಲ್ಲಿ ನಡೆಯುತ್ತದೆ. ಅಲ್ಲಿನ ಸ್ಟಿಯರಾಯ್ಲ್ ಕೋಎ ಡೀಸ್ಯಾಚುರೇಸ್‌ನ ರಚನೆ 2015ರಲ್ಲಿ ಬಂತು. ಇಲಿಯ ಕಿಣ್ವ 4ವೈಎಂಕೆ ಎಂಬ ಪುಟದಲ್ಲಿದೆ. ಇದನ್ನು ಹತ್ತಿರದಿಂದ ನೋಡುವುದೇ ಒಂದು ಸಂತೋಷ. ಕೊಬ್ಬಿನಾಮ್ಲ ನುಸುಳುವ ಸುರಂಗ ನೇರವಾಗಿಲ್ಲ, 9 ಮತ್ತು 10ನೆಯ ಇಂಗಾಲಗಳ ಬಳಿ ಥಟ್ಟನೆ ಬಾಗಿದೆ, ಆ ಬಾಗಿನ ಎದುರಿಗೇ ಎರಡು ಲೋಹದ ಅಯಾನುಗಳು ಕುಳಿತಿವೆ. ಜೋಡಿಬಂಧ ಅಲ್ಲಿಯೇ ಏಕೆ ಬೀಳುತ್ತದೆ ಎಂಬ ಪ್ರಶ್ನೆಗೆ ಸುರಂಗದ ಆಕಾರವೇ ಉತ್ತರ. ಆದರೆ ಲೋಹದ ಮೇಲೆ ಒತ್ತಿದರೆ ಸತು ಎಂದು ತೋರಿಸುತ್ತದೆ. ಜೀವಂತ ಕೋಶದಲ್ಲಿ ಅಲ್ಲಿರುವುದು ಕಬ್ಬಿಣ. ಪ್ರಯೋಗಾಲಯದಲ್ಲಿ ಬೇರೆ ಕೋಶಗಳಲ್ಲಿ ಕಿಣ್ವವನ್ನು ಹೇರಳವಾಗಿ ತಯಾರಿಸಿದಾಗ ಸತು ಸೇರಿಕೊಂಡಿದೆ, ಸತು ಇರುವ ಕಿಣ್ವ ಈ ಕೆಲಸ ಮಾಡಲಾರದು. ಮೂಲ ಪ್ರಬಂಧವನ್ನು ಓದಿದವರಿಗೆ ಮಾತ್ರ ಇದು ತಿಳಿಯುತ್ತದೆ. ಇಂಥ ಕಡೆ ಒಂದು ಸಾಲಿನ ಟಿಪ್ಪಣಿಯನ್ನು ಪುಟದ ಮೇಲ್ಭಾಗದಲ್ಲೇ ಹಾಕಿದ್ದರೆ ಎಷ್ಟೋ ತಪ್ಪು ತಿಳಿವಳಿಕೆ ತಪ್ಪುತ್ತಿತ್ತು. 9ನೆಯ ಇಂಗಾಲದಿಂದ ಮುಂದಕ್ಕೆ, 12 ಮತ್ತು 15ನೆಯ ಸ್ಥಾನಗಳಲ್ಲಿ ಜೋಡಿಬಂಧ ಹಾಕುವ ಕಿಣ್ವ ನಮ್ಮಲ್ಲಿಲ್ಲ. ಆದ್ದರಿಂದಲೇ ಲಿನೋಲೀಕ್ ಆಮ್ಲಕ್ಕೆ ಕುಸುಬೆ, ಸೂರ್ಯಕಾಂತಿಯಂಥ ಎಣ್ಣೆಗಳನ್ನೂ ಆಲ್ಫಾ ಲಿನೋಲೆನಿಕ್ ಆಮ್ಲಕ್ಕೆ ಅಗಸೆಯಂಥ ಬೀಜಗಳನ್ನೂ ನೆಚ್ಚಬೇಕು. ಉತ್ತರ ಕರ್ನಾಟಕದ ಊಟದಲ್ಲಿರುವ ಅಗಸೆ ಚಟ್ನಿಪುಡಿ ಈ ಲೆಕ್ಕದಲ್ಲಿ ಬಹಳ ಬೆಲೆಯುಳ್ಳದ್ದು.

ಗಣಕದಿಂದ ಊಹಿಸಿದ ರಚನೆಗಳೂ ಈಗ ಆರ್‌ಸಿಎಸ್‌ಬಿಯಲ್ಲಿ ಸಿಗುತ್ತವೆ. ಪ್ರಯೋಗದಿಂದ ಬಂದವುಗಳಿಂದ ಅವನ್ನು ಬೇರೆ ಗುರುತು ಹಾಕಿ ಪ್ರತ್ಯೇಕಿಸಿರುವುದು ಮೆಚ್ಚತಕ್ಕದ್ದು. ಮನುಷ್ಯನ ಸಿಂಥೇಸ್‌ನ ಊಹಾರಚನೆಯಲ್ಲಿ ವಾಹಕ ಘಟಕವೂ ಕಾಣುತ್ತದೆ. ಆದರೆ ಅದು ಒಂಟಿ ಸರಪಳಿ, ಜೋಡಿಯಲ್ಲ, ಮತ್ತು ವಾಹಕ ಇಂಥದೇ ಜಾಗದಲ್ಲಿ ನಿಂತಿರುತ್ತದೆ ಎಂದು ಅದನ್ನು ನೋಡಿ ಹೇಳಲು ಬರುವುದಿಲ್ಲ. ಇಡೀ ದಾರಿಯನ್ನು ಒಂದೇ ನಕ್ಷೆಯಲ್ಲಿ ನೋಡಬೇಕಾದವರಿಗೆ ಪಿಡಿಬಿ ಒದಗದು, ಅದಕ್ಕೆ ಕೆಗ್ ಎಂಬ ದತ್ತಾಂಶಕೋಶದ ಚಯಾಪಚಯ ನಕ್ಷೆಗಳು ಸರಿ.

ಭಾಷೆಯ ವಿಷಯ ಹೇಳಲೇಬೇಕು. ಜಪಾನಿನ ಪಿಡಿಬಿಜೆ ತನ್ನ ಪುಟಗಳನ್ನು ಜಪಾನಿ ಭಾಷೆಯಲ್ಲೂ ಕೊಡುತ್ತದೆ. ಆರ್‌ಸಿಎಸ್‌ಬಿಯ ಪುಟಗಳು ಕನ್ನಡದಲ್ಲಾಗಲಿ ಬೇರೆ ಯಾವುದೇ ಭಾರತೀಯ ಭಾಷೆಯಲ್ಲಾಗಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದ ವಿದ್ಯಾರ್ಥಿಗೆ ಚಿತ್ರ ಅಡ್ಡಿಯಾಗುವುದಿಲ್ಲ, ಚಿತ್ರದ ಸುತ್ತಲಿನ ಪದಗಳು ಅಡ್ಡಿಯಾಗುತ್ತವೆ. ದತ್ತಾಂಶ ಮುಕ್ತವಾಗಿರುವುದರಿಂದ ಕನ್ನಡದ ಹೆಸರುಗಳನ್ನು ಹಾಕಿದ ಚಿತ್ರಗಳನ್ನು ನಾವೇ ಸಿದ್ಧಪಡಿಸಿ ಹಂಚಲು ಯಾರ ಅನುಮತಿಯೂ ಬೇಕಿಲ್ಲ. ಮೂಲ ರಚನೆಯ ಗುರುತನ್ನೂ ಅದನ್ನು ಬಿಡಿಸಿದವರ ಹೆಸರನ್ನೂ ನಮೂದಿಸುವುದು ಮಾತ್ರ ಮರ್ಯಾದೆ.

ಅಂತರ್ಜಾಲ ಸರಿಯಿಲ್ಲದ ಕಾಲೇಜುಗಳು ಈ ಸೇವೆಯನ್ನು ಕೈಬಿಡಬೇಕಾಗಿಲ್ಲ. ಪುಟದ ಬಲಗಡೆ ಕಡತವನ್ನು ಇಳಿಸಿಕೊಳ್ಳುವ ಆಯ್ಕೆಯಿದೆ. 2ವಿಝಡ್9, 2ಪಿಎಕ್ಸ್6, 4ವೈಎಂಕೆ ಈ ಮೂರು ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಶಿಕ್ಷಣಕ್ಕೆ ಉಚಿತವಾಗಿ ಸಿಗುವ ಕೈಮೀರಾಎಕ್ಸ್ ತಂತ್ರಾಂಶದಲ್ಲಿ ತೆರೆದರೆ ಅಂತರ್ಜಾಲವಿಲ್ಲದೆಯೂ ಪಾಠ ನಡೆಯುತ್ತದೆ. ಅನುಕ್ರಮದ ವಿಭಾಗ ಮತ್ತು ಗುಣಮಟ್ಟದ ಪಟ್ಟಿ ಆ ಕಡತದ ಜೊತೆಗೆ ಬರುವುದಿಲ್ಲ; ಆ ಎರಡನ್ನೂ ಮುಂಚಿತವಾಗಿ ಮುದ್ರಿಸಿಕೊಂಡು ತರಗತಿಗೆ ಒಯ್ಯಬೇಕು.